ಹೊಸ ಲ್ಯಾಪ್‌ಟಾಪ್‌ಗೆ ಬೇರೆ ಲಿನಕ್ಸ್ ಹಾಕುವ ಮುನ್ನ ಒಂದು ಸಂಜೆ ಬಿಡುವು ಮಾಡಿಕೊಳ್ಳಿ

ಪ್ರತಿ ವರ್ಷ ಕಾಲೇಜು ಶುರುವಾಗುವ ಹೊತ್ತಿಗೆ ತುಮಕೂರಿನ ಪರಿಚಯದವರು ಕೇಳುವ ಪ್ರಶ್ನೆ ಒಂದೇ. "ಹೊಸ ಲ್ಯಾಪ್‌ಟಾಪ್ ತಗೊಂಡ್ವಿ. ಅದರ ಜೊತೆ ಬಂದಿರೋದು ಬೇಡ. ಬೇರೆ ಲಿನಕ್ಸ್ ಹಾಕ್ಬೇಕು, ಹೇಗೆ?" ಶಿರಾ, ತಿಪಟೂರು, ಕುಣಿಗಲ್ ಕಡೆಯಿಂದಲೂ ಇದೇ ಫೋನು. ಒಬ್ಬೊಬ್ಬರಿಗೆ ಅರ್ಧರ್ಧ ಹೇಳುವ ಬದಲು ಪೂರ್ತಿ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಇನ್‌ಸ್ಟಾಲ್ ಮಾಡುವುದು ಅರ್ಧ ಗಂಟೆಯ ಕೆಲಸ. ಎಡವಟ್ಟಾಗುವುದೆಲ್ಲ ಅದಕ್ಕೂ ಮುಂಚೆ. ಅದಕ್ಕೇ ಈ ಲೇಖನದಲ್ಲೂ ಇನ್‌ಸ್ಟಾಲ್ ಬಟನ್ ಒತ್ತುವುದು ತುಂಬ ಕೆಳಗೆ ಬರುತ್ತದೆ. ನೇರ ಅಲ್ಲಿಗೇ ಹಾರಬೇಡಿ.

ಮೊದಲು ಒಂದು ಪದ ಬಿಡಿಸಿ ಹೇಳುತ್ತೇನೆ. ಲಿನಕ್ಸ್ ಎಂದರೆ ನಿಜವಾಗಿ ಕರ್ನೆಲ್, ಅಂದರೆ ಯಂತ್ರದ ಭಾಗಗಳನ್ನು ನಡೆಸುವ ತಿರುಳು. ಅದಕ್ಕೆ ಮೆನು, ಬ್ರೌಸರ್, ಫೈಲ್ ನೋಡುವ ತಂತ್ರಾಂಶ ಎಲ್ಲ ಸೇರಿಸಿ ಕಟ್ಟಿಕೊಟ್ಟದ್ದು ಡಿಸ್ಟ್ರಿಬ್ಯೂಷನ್, ಚಿಕ್ಕದಾಗಿ ಡಿಸ್ಟ್ರೋ. ರಾಗಿ ಒಂದೇ, ಆದರೆ ಮುದ್ದೆ, ರೊಟ್ಟಿ, ಅಂಬಲಿ ಬೇರೆ ಬೇರೆ, ಅಲ್ವಾ? ಉಬುಂಟು, ಮಿಂಟ್, ಡೆಬಿಯನ್, ಫೆಡೋರಾ ಎಲ್ಲವೂ ಹಾಗೆಯೇ.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಬಂದಿರುವುದು ಏನು?

ಸಾಮಾನ್ಯವಾಗಿ ಮೂರರಲ್ಲಿ ಒಂದು. ವಿಂಡೋಸ್ 11 ಇರಬಹುದು. ಉಬುಂಟು ಇರಬಹುದು. ಇಲ್ಲವೇ ಫ್ರೀಡಾಸ್. ಅಂಗಡಿಯವರು ಇದನ್ನು "ಡಾಸ್ ಲ್ಯಾಪ್‌ಟಾಪ್" ಎನ್ನುತ್ತಾರೆ. ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮಾತ್ರ. ಕೆಟ್ಟಿದೆ ಎಂದು ವಾಪಸ್ ಒಯ್ಯಬೇಡಿ, ಅದು ಇರುವುದೇ ಹಾಗೆ. ಅಂಥ ಲ್ಯಾಪ್‌ಟಾಪ್‌ನಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ. ನಿಮ್ಮ ಕೆಲಸ ಎಲ್ಲರಿಗಿಂತ ಸುಲಭ.

ಉಬುಂಟು ಬಂದಿದ್ದರೆ ಸ್ವಲ್ಪ ಯೋಚಿಸಿ. ಕಂಪನಿಯವರು ಆ ಮಾಡೆಲ್‌ಗೆ ಬೇಕಾದ ಡ್ರೈವರ್‌ಗಳನ್ನು ಸೇರಿಸಿಯೇ ಕಳಿಸಿರುತ್ತಾರೆ. ಡ್ರೈವರ್ ಎಂದರೆ ವೈಫೈ ಚಿಪ್, ಸ್ಪೀಕರ್ ಮುಂತಾದ ಒಂದೊಂದು ಭಾಗದ ಜೊತೆ ಮಾತಾಡುವ ಪುಟ್ಟ ತಂತ್ರಾಂಶ. ನೋಡಲು ಚೆನ್ನಾಗಿಲ್ಲ ಎನ್ನುವುದಷ್ಟೇ ನಿಮ್ಮ ತಕರಾರಾದರೆ ಅದೇ ಉಬುಂಟು ಮೇಲೆ ಬೇರೆ ಡೆಸ್ಕ್‌ಟಾಪ್ (ಪರದೆ, ಮೆನುಗಳ ವಿನ್ಯಾಸ) ಹಾಕಿಕೊಳ್ಳಬಹುದು, ಎಲ್ಲ ಅಳಿಸಬೇಕಿಲ್ಲ.

ಯಾರು ವಿಂಡೋಸ್ ಅಳಿಸಬಾರದು

ಇದನ್ನು ಬೇಸರವಿಲ್ಲದೆ ಓದಿ. ಟ್ಯಾಲಿ ಬಳಸುವವರು ಅಳಿಸಬೇಡಿ, ಅದು ವಿಂಡೋಸ್‌ಗೆ ಮಾಡಿದ್ದು. ಟೆಂಡರ್ ಹಾಕಲು, ಜಿಎಸ್‌ಟಿ ಸಲ್ಲಿಸಲು ಯುಎಸ್‌ಬಿ ಟೋಕನ್‌ನಲ್ಲಿ ಡಿಜಿಟಲ್ ಸಹಿ ಇಟ್ಟುಕೊಂಡವರೂ ಬೇಡ. ಲಿನಕ್ಸ್‌ನಲ್ಲಿ ಅದನ್ನು ಒಲಿಸಿಕೊಳ್ಳುವ ಹೊತ್ತಿಗೆ ಟೆಂಡರ್ ದಿನಾಂಕ ಮುಗಿದಿರುತ್ತದೆ. ಆಟೋಕ್ಯಾಡ್ ಬೇಕಾದ ಸಿವಿಲ್ ಮತ್ತು ಮೆಕ್ಯಾನಿಕಲ್ ವಿದ್ಯಾರ್ಥಿಗಳು ಎರಡನ್ನೂ ಅಕ್ಕಪಕ್ಕ ಇಟ್ಟುಕೊಳ್ಳುವುದು ಒಳ್ಳೆಯದು. ಸಿ, ಪೈಥಾನ್, ಜಾವಾ ಬರೆಯುವವರಿಗೆ, ಬ್ರೌಸರ್‌ನಲ್ಲೇ ದಿನ ಕಳೆಯುವವರಿಗೆ ಯಾವ ಅಡ್ಡಿಯೂ ಇಲ್ಲ.

ನುಡಿಯಲ್ಲಿ ಟೈಪ್ ಮಾಡುವ ಮೇಷ್ಟ್ರುಗಳಿಗೆ, ಡಿಟಿಪಿಯವರಿಗೆ ಒಂದು ಮಾತು. ಹಳೆಯ ನುಡಿ ಫೈಲುಗಳು ಯೂನಿಕೋಡ್‌ನಲ್ಲಿ ಇರುವುದಿಲ್ಲ. ಯೂನಿಕೋಡ್ ಎಂದರೆ ಯಾವ ಯಂತ್ರದಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುವ ಸಂಕೇತ ಪದ್ಧತಿ. ಹಳೆಯ ಫೈಲನ್ನು ಲಿನಕ್ಸ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಚುಕ್ಕಿ, ಗೆರೆ ಇಟ್ಟಂಥ ಗೊಜ್ಜು ಕಾಣುತ್ತದೆ. ಫೈಲ್ ಹಾಳಾಗಿಲ್ಲ, ಆ ಫಾಂಟ್ ಇಲ್ಲ ಅಷ್ಟೇ. ವಿಂಡೋಸ್ ಇರುವಾಗಲೇ ನುಡಿಯಲ್ಲಿರುವ ಪರಿವರ್ತಕದಿಂದ ಎಲ್ಲವನ್ನೂ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ.

ಬೇಕಾಗುವ ಸಾಮಾನು

8 ಜಿಬಿ ಅಥವಾ ಜಾಸ್ತಿ ಇರುವ ಒಂದು ಪೆನ್‌ಡ್ರೈವ್. ಫೈಲುಗಳಿಗೆ ಬೇರೆ ಒಂದು ಹಾರ್ಡ್‌ಡಿಸ್ಕ್ ಅಥವಾ ದೊಡ್ಡ ಪೆನ್‌ಡ್ರೈವ್. ಚಾರ್ಜರ್. ಆಂಡ್ರಾಯ್ಡ್ ಫೋನು, ಅದರ ಡೇಟಾ ಕೇಬಲ್. ಕೆಲವು ಅಗ್ಗದ ಕೇಬಲ್‌ಗಳು ಚಾರ್ಜ್ ಮಾತ್ರ ಮಾಡುತ್ತವೆ, ಮೊದಲೇ ನೋಡಿಕೊಳ್ಳಿ. ಒಂದು ಹಾಳೆ, ಒಂದು ಪೆನ್ನು. ಲ್ಯಾಪ್‌ಟಾಪ್ ಆನ್ ಆಗುತ್ತಿರುವಾಗ ಅದರಲ್ಲೇ ಈ ಲೇಖನ ಓದಲು ಆಗುವುದಿಲ್ಲವಲ್ಲ, ಅದಕ್ಕೆ ಇದನ್ನು ಫೋನಿನಲ್ಲಿ ತೆರೆದಿಟ್ಟುಕೊಳ್ಳಿ.

ಹಂತ 1: ಒಂದು ವಾರ ಇದ್ದ ಹಾಗೆಯೇ ಬಳಸಿ

ಪೆಟ್ಟಿಗೆ ಬಿಚ್ಚಿದ ದಿನವೇ ಎಲ್ಲ ಅಳಿಸಬೇಡಿ. ಕೀಲಿಮಣೆಯ ಪ್ರತಿ ಕೀ, ಸ್ಪೀಕರ್, ಕ್ಯಾಮೆರಾ, ಎಲ್ಲ ಯುಎಸ್‌ಬಿ ಕಿಂಡಿ, ಪರದೆಯ ಮೂಲೆಗಳನ್ನು ಪರೀಕ್ಷಿಸಿ. ಯಾವುದಾದರೂ ಕೆಟ್ಟಿದ್ದರೆ ಬದಲಿಸಿಕೊಳ್ಳುವ ಅವಧಿ ಇನ್ನೂ ಇರುತ್ತದೆ. ಲಿನಕ್ಸ್ ಹಾಕಿದ ಮೇಲೆ ಹೋದರೆ ಸರ್ವಿಸ್‌ನವರು ಮೊದಲು ಬೆರಳು ತೋರಿಸುವುದು ಲಿನಕ್ಸ್ ಕಡೆಗೇ. ಆಪರೇಟಿಂಗ್ ಸಿಸ್ಟಮ್ ಇಲ್ಲದೆಯೂ ಯಂತ್ರ ಪರೀಕ್ಷಿಸಬಹುದು ಎನ್ನುವುದು ತಿಳಿದಿರಲಿ. ಎಚ್‌ಪಿಯಲ್ಲಿ ಆನ್ ಮಾಡುತ್ತಲೇ ಎಫ್2, ಡೆಲ್‌ನಲ್ಲಿ ಎಫ್12 ಒತ್ತಿದರೆ ಆ ಪರೀಕ್ಷೆ ಸಿಗುತ್ತದೆ.

ಇದೇ ವಾರದಲ್ಲಿ ಇನ್ನು ಮೂರು ಕೆಲಸ ಮುಗಿಸಿ.

ಒಂದು, ಬಯೋಸ್ ಅಪ್‌ಡೇಟ್. ಬಯೋಸ್ ಎಂದರೆ ಯಂತ್ರ ಆನ್ ಆದ ಕೂಡಲೇ ಎಲ್ಲಕ್ಕಿಂತ ಮೊದಲು ಏಳುವ ತಂತ್ರಾಂಶ. ಇದರ ಅಪ್‌ಡೇಟ್‌ಗಳನ್ನು ಕೆಲವು ಕಂಪನಿಗಳು ವಿಂಡೋಸ್‌ನಲ್ಲಿ ನಡೆಯುವಂತೆ ಮಾತ್ರ ಕೊಡುತ್ತವೆ. ಚಾರ್ಜರ್ ಹಾಕಿಯೇ ಮಾಡಿ, ನಡುವೆ ಆಫ್ ಮಾಡಬೇಡಿ.

ಎರಡು, ಲ್ಯಾಪ್‌ಟಾಪ್ ಜೊತೆ ಎಂಎಸ್ ಆಫೀಸ್ ಬಂದಿದ್ದರೆ ಅದನ್ನು ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಬಿಡಿ. ದುಡ್ಡು ಕೊಟ್ಟಿದ್ದೀರಿ, ಮುಂದೆ ಎಂದಾದರೂ ವಿಂಡೋಸ್‌ಗೆ ವಾಪಸ್ ಬಂದರೆ ಬೇಕಾಗುತ್ತದೆ. ವಿಂಡೋಸ್ ಪರವಾನಗಿಗೆ ಹೆದರಬೇಕಿಲ್ಲ. ಕಂಪನಿಯಿಂದಲೇ ವಿಂಡೋಸ್ ಹಾಕಿ ಬಂದ ಲ್ಯಾಪ್‌ಟಾಪ್‌ನಲ್ಲಿ ಅದರ ಕೀ ಬಯೋಸ್ ಒಳಗೇ ಇರುತ್ತದೆ. ಮೈಕ್ರೋಸಾಫ್ಟ್ ತಾಣದಿಂದ ವಿಂಡೋಸ್ ಇಳಿಸಿ 8 ಜಿಬಿ ಪೆನ್‌ಡ್ರೈವ್‌ನಿಂದ ಮತ್ತೆ ಹಾಕಿದರೆ ತಾನೇ ಗುರುತು ಹಿಡಿಯುತ್ತದೆ.

ಮೂರು, ಬಿಟ್‌ಲಾಕರ್. ಹೊಸ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ಡಿಸ್ಕ್‌ಗೆ ತಾನಾಗಿಯೇ ಬೀಗ ಬಿದ್ದಿರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಬಯೋಸ್‌ನಲ್ಲಿ ಏನಾದರೂ ಬದಲಾಯಿಸಿದರೆ ಮುಂದಿನ ಸಲ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಈಗಲೇ ಹಾಳೆ ಮೇಲೆ ಬರೆದುಕೊಳ್ಳಿ. ಖಾತೆ ತೆರೆದುಕೊಟ್ಟವನು ಅಂಗಡಿಯ ಹುಡುಗನಾದರೆ ಅದರ ಪಾಸ್‌ವರ್ಡ್ ಯಾರ ಹತ್ತಿರ ಇದೆ ಎಂದು ಕೇಳಿಕೊಳ್ಳಿ. ನಗಬೇಡಿ, ಹೀಗೆ ಸಿಕ್ಕಿಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಹಂತ 2: ಫೈಲುಗಳನ್ನು ಹೊರಗೆ ತೆಗೆಯಿರಿ

"ಸಿ ಡ್ರೈವ್ ಹೋದರೆ ಹೋಗಲಿ, ನನ್ನದೆಲ್ಲ ಡಿ ಡ್ರೈವ್‌ನಲ್ಲಿದೆ." ಈ ಮಾತು ಕೇಳಿದರೆ ನನಗೆ ಎದೆ ಢವಢವ ಎನ್ನುತ್ತದೆ. ಸಾಮಾನ್ಯವಾಗಿ ಸಿ, ಡಿ, ಇ ಎಲ್ಲ ಒಂದೇ ಡಿಸ್ಕ್‌ನ ಭಾಗಗಳು. ಒಂದೇ ಹೊಲಕ್ಕೆ ಬದು ಹಾಕಿದ ಹಾಗೆ. ಡಿಸ್ಕ್ ಅಳಿಸು ಎಂದರೆ ಬದು ಸಮೇತ ಹೊಲವೆಲ್ಲ ಉತ್ತುಹೋಗುತ್ತದೆ. ನಾನೇ ಒಮ್ಮೆ ನೆಂಟರ ಲ್ಯಾಪ್‌ಟಾಪ್‌ನಲ್ಲಿ ಈ ಮಾತು ನಂಬಿ, ಅವರ ತೋಟದ ಕಾಗದಪತ್ರಗಳ ಸ್ಕ್ಯಾನ್ ಎಲ್ಲ ಕಳೆದೆ. ಪಹಣಿ ಮತ್ತೆ ಸಿಕ್ಕಿತು. ಕೈಬರಹದ ಹಳೆ ಪಾಲುಪಟ್ಟಿಯ ಸ್ಕ್ಯಾನ್ ಸಿಗಲಿಲ್ಲ.

ಬೇಕಾದದ್ದನ್ನು ಹೊರಗಿನ ಡಿಸ್ಕ್‌ಗೆ ಹಾಕಿ. ಆಮೇಲೆ ಆ ಡಿಸ್ಕನ್ನು ಇನ್ನೊಂದು ಯಂತ್ರಕ್ಕೆ ಚುಚ್ಚಿ ನಾಲ್ಕೈದು ಫೈಲ್ ತೆರೆದು ನೋಡಿ. ಬ್ರೌಸರ್‌ನ ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್‌ಗಳನ್ನು ಮರೆಯಬೇಡಿ.

ಹಂತ 3: ಆರಿಸಿ, ಇಳಿಸಿಕೊಳ್ಳಿ

ಮೊದಲ ಸಲದವರಿಗೆ ನನ್ನ ಆಯ್ಕೆ ಲಿನಕ್ಸ್ ಮಿಂಟ್, ಸಿನಮನ್ ಆವೃತ್ತಿ. ವಿಂಡೋಸ್ ಬಳಸಿದ ಕೈಗೆ ಬೇಗ ಹೊಂದುತ್ತದೆ. ಮಿಂಟ್ 22 ಸರಣಿ ನಿಂತಿರುವುದು ಉಬುಂಟು 24.04ರ ಮೇಲೆ, 2029ರವರೆಗೆ ಅಪ್‌ಡೇಟ್ ಸಿಗುತ್ತದೆ. 4 ಜಿಬಿ ರ‍್ಯಾಮ್ ಇದ್ದರೆ ನಡೆಯುತ್ತದೆ, 8 ಇದ್ದರೆ ಹಾಯಾಗಿರುತ್ತದೆ. ಮಾಡೆಲ್ ತೀರಾ ಹೊಸದಾಗಿದ್ದು ಮಿಂಟ್‌ನಲ್ಲಿ ವೈಫೈ ಬರದಿದ್ದರೆ ಫೆಡೋರಾ ನೋಡಿ. ಅದರಲ್ಲಿ ಕರ್ನೆಲ್ ಹೊಸದಿರುತ್ತದೆ. ಆದರೆ ಅದರ ಪ್ರತಿ ಆವೃತ್ತಿಗೆ ಆಯಸ್ಸು ಸುಮಾರು 13 ತಿಂಗಳು ಮಾತ್ರ, ವರ್ಷಕ್ಕೊಮ್ಮೆಯಾದರೂ ಮೇಲ್ದರ್ಜೆಗೆ ಏರಿಸುತ್ತಿರಬೇಕು. ಡೆಬಿಯನ್ ನನಗೆ ಇಷ್ಟ. ಆದರೆ ಅದು ಎರಡನೇ ಸಲಕ್ಕೆ ಇರಲಿ.

ಇಳಿಸುವ ಫೈಲನ್ನು ಐಎಸ್‌ಒ ಎನ್ನುತ್ತಾರೆ. ಇಡೀ ಡಿಸ್ಟ್ರೋ ಒಂದೇ ಫೈಲಿನಲ್ಲಿ ಮಡಚಿಟ್ಟ ಹಾಗೆ. ಗಾತ್ರ ಸುಮಾರು 3 ಜಿಬಿ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್ ಇರುವವರು ಬ್ರೌಸರ್‌ನಿಂದ ಇಳಿಸಲು ಹೋದರೆ ನಡುವೆ ನಿಂತು ಬೆಳಗ್ಗೆ ಮತ್ತೆ ಸೊನ್ನೆಯಿಂದ ಶುರುವಾಗಬಹುದು. ಮಿಂಟ್ ತಾಣದಲ್ಲೇ ಟೊರೆಂಟ್, ಅಂದರೆ ಪ್ರತ್ಯೇಕ ತಂತ್ರಾಂಶದಿಂದ ತುಂಡು ತುಂಡಾಗಿ ಇಳಿಸುವ ವಿಧಾನದ ಕೊಂಡಿ ಇದೆ. ಅದರಲ್ಲಿ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಇಲ್ಲವೇ ಫೈಬರ್ ಇರುವ ಗೆಳೆಯರ ಮನೆಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬನ್ನಿ.

ಇಳಿದ ಮೇಲೆ ಚೆಕ್‌ಸಮ್ ಹೊಂದಿಸಿ ನೋಡಿ. ಅದು ಫೈಲಿನ ಬೆರಳಚ್ಚು. ಒಂದು ಅಕ್ಷರ ಆಚೀಚೆ ಆದರೂ ಫೈಲ್ ಸರಿಯಿಲ್ಲ ಎಂದರ್ಥ. ವಿಂಡೋಸ್‌ನಲ್ಲಿ ರೂಫಸ್ ಎಂಬ ಉಚಿತ ತಂತ್ರಾಂಶ ತೆರೆದು ಐಎಸ್‌ಒ ಆರಿಸಿದರೆ ಪಕ್ಕದಲ್ಲೇ ಸರಿ ಗುರುತಿನ ಪುಟ್ಟ ಬಟನ್ ಇದೆ. ಅದು ತೋರಿಸುವ ಎಸ್‌ಎಚ್‌ಎ256 ಸಂಖ್ಯೆಯನ್ನು ಮಿಂಟ್ ತಾಣದಲ್ಲಿರುವುದರ ಜೊತೆ ಹೋಲಿಸಿ. ಎಲ್ಲರೂ ಇದನ್ನು ಬಿಡುತ್ತಾರೆ. ಬಿಟ್ಟವರಲ್ಲಿ ಕೆಲವರು ರಾತ್ರಿ 11 ಗಂಟೆಗೆ "ಅರ್ಧಕ್ಕೆ ನಿಂತಿತು" ಎಂದು ಫೋನ್ ಮಾಡುತ್ತಾರೆ.

ಹಂತ 4: ಪೆನ್‌ಡ್ರೈವ್ ತಯಾರಿಸಿ

ಐಎಸ್‌ಒ ಫೈಲನ್ನು ಸುಮ್ನೆ ಕಾಪಿ ಮಾಡಿ ಪೆನ್‌ಡ್ರೈವ್‌ಗೆ ಹಾಕಿದರೆ ಆಗುವುದಿಲ್ಲ. ಅದನ್ನು ಬರೆಯಬೇಕು. ರೂಫಸ್‌ನಲ್ಲಿ ಪೆನ್‌ಡ್ರೈವ್ ಆರಿಸಿ, ಐಎಸ್‌ಒ ಆರಿಸಿ, ಪಾರ್ಟಿಷನ್ ಸ್ಕೀಮ್ ಜಿಪಿಟಿ ಎಂದಿರಲಿ, ಸ್ಟಾರ್ಟ್ ಒತ್ತಿ. ಉಬುಂಟುನಿಂದ ಬರೆಯುವವರಿಗೆ ಬಲೆನಾ ಎಚ್ಚರ್ ಸುಲಭ. ಪೆನ್‌ಡ್ರೈವ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಬ್ಯಾಕಪ್ ಡಿಸ್ಕ್ ಅದೇ ಹೊತ್ತಿನಲ್ಲಿ ಚುಚ್ಚಿಟ್ಟಿದ್ದರೆ ಮೊದಲು ತೆಗೆದುಬಿಡಿ. ತಪ್ಪಿ ಅದರ ಮೇಲೆ ಬರೆದರೆ ಹಂತ 2 ವ್ಯರ್ಥ.

ಹಂತ 5: ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ

ಬೂಟ್ ಎಂದರೆ ಯಂತ್ರ ಏಳುವುದು. ಯಾವುದರಿಂದ ಏಳಬೇಕು ಎಂದು ಕೇಳುವ ಪಟ್ಟಿ ಬೂಟ್ ಮೆನು. ಆನ್ ಬಟನ್ ಒತ್ತಿದ ಕೂಡಲೇ ಈ ಕೀಗಳನ್ನು ಟಕಟಕ ಒತ್ತುತ್ತಿರಿ: ಡೆಲ್, ಲೆನೊವೊ, ಏಸರ್‌ಗೆ ಎಫ್12, ಎಚ್‌ಪಿಗೆ ಎಫ್9, ಏಸುಸ್‌ಗೆ ಎಸ್ಕೇಪ್. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಕೀ ಜೊತೆ ಒತ್ತಬೇಕು. ಏಸರ್‌ನಲ್ಲಿ ಎಫ್12 ಮೆನು ಮೊದಲು ಮುಚ್ಚಿರುವುದು ಸಾಮಾನ್ಯ. ಎಫ್2 ಒತ್ತಿ ಬಯೋಸ್‌ಗೆ ಹೋಗಿ ಅದನ್ನು ತೆರೆಯಬೇಕು.

ಸೆಕ್ಯೂರ್ ಬೂಟ್ ಆಫ್ ಮಾಡಬೇಕಾ ಎಂದು ಎಲ್ಲರೂ ಕೇಳುತ್ತಾರೆ. ಗುರುತಿಲ್ಲದ ತಂತ್ರಾಂಶ ಏಳದಂತೆ ತಡೆಯುವ ಕಾವಲು ಅದು. ಮಿಂಟ್, ಉಬುಂಟು, ಫೆಡೋರಾ, ಡೆಬಿಯನ್ ಅದರ ಜೊತೆಗೇ ಏಳುತ್ತವೆ. ಮೊದಲು ಹಾಗೇ ಬಿಟ್ಟು ನೋಡಿ, ಏಳದಿದ್ದರೆ ಮಾತ್ರ ಆಫ್ ಮಾಡಿ.

ಇನ್ನೊಂದು ತೊಡಕು ಇಂಟೆಲ್ ಪ್ರೊಸೆಸರ್ ಇರುವ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ. ಪೆನ್‌ಡ್ರೈವ್‌ನಿಂದ ಮಿಂಟ್ ಏಳುತ್ತದೆ, ಆದರೆ ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣುವುದಿಲ್ಲ. ಡಿಸ್ಕ್ ಕೆಟ್ಟಿಲ್ಲ. ಬಯೋಸ್‌ನಲ್ಲಿ ವಿಎಂಡಿ ಅಥವಾ ಆರ್‌ಎಸ್‌ಟಿ ಎಂಬ ವ್ಯವಸ್ಥೆ ಅದನ್ನು ಮರೆಮಾಡಿದೆ. ಅದನ್ನು ಆಫ್ ಮಾಡಿ, ಅಥವಾ ಎಎಚ್‌ಸಿಐಗೆ ಬದಲಾಯಿಸಿ. ಏಸರ್‌ನಲ್ಲಿ ಈ ಆಯ್ಕೆಯೇ ಕಾಣದಿದ್ದರೆ ಬಯೋಸ್‌ನ ಮೇನ್ ಪುಟದಲ್ಲಿ ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತಿ, ಎದ್ದು ಬರುತ್ತದೆ. ಎಚ್ಚರಿಕೆ: ವಿಂಡೋಸ್ ಉಳಿಸಿಕೊಳ್ಳುವವರು ಇದನ್ನು ಏಕಾಏಕಿ ಬದಲಿಸಿದರೆ ವಿಂಡೋಸ್ ಏಳುವುದಿಲ್ಲ.

ಹಂತ 6: ಇನ್‌ಸ್ಟಾಲ್ ಮಾಡದೆ ಒಂದು ಗಂಟೆ ಓಡಿಸಿ ನೋಡಿ

ನನ್ನ ಕೇಳಿದರೆ ಇದೇ ಎಲ್ಲಕ್ಕಿಂತ ಮುಖ್ಯ ಹಂತ. ಮಿಂಟ್ ಪೆನ್‌ಡ್ರೈವ್‌ನಿಂದಲೇ ಪೂರ್ತಿ ಓಡುತ್ತದೆ. ಇದನ್ನು ಲೈವ್ ಎನ್ನುತ್ತಾರೆ. ನಿಮ್ಮ ಡಿಸ್ಕ್ ಮುಟ್ಟುವುದಿಲ್ಲ. ಕೊಳ್ಳುವ ಮುಂಚೆ ಎಳನೀರು ಕುಡಿದು ನೋಡಿದ ಹಾಗೆ.

ಪರದೆ ಕಪ್ಪಾಗಿಯೇ ಉಳಿದರೆ, ಅದರಲ್ಲೂ ಎನ್‌ವಿಡಿಯಾ ಗ್ರಾಫಿಕ್ಸ್ ಇದ್ದರೆ, ಮತ್ತೆ ಬೂಟ್ ಮಾಡಿ ಮೊದಲ ಪಟ್ಟಿಯಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಆರಿಸಿ.

ಡೆಸ್ಕ್‌ಟಾಪ್ ಬಂದ ಮೇಲೆ ಹಾಳೆ ತೆಗೆದು ಒಂದೊಂದಾಗಿ ಗುರುತು ಹಾಕಿ. ವೈಫೈ ಸಿಗುತ್ತಿದೆಯಾ? ಮನೆಯ ಇನ್ನೊಂದು ಕೋಣೆಗೆ ಹೋದರೂ ನಿಲ್ಲುತ್ತದಾ? ಸ್ಪೀಕರ್ ಬೇರೆ, ಹೆಡ್‌ಫೋನ್ ಬೇರೆ ಪರೀಕ್ಷಿಸಿ. ಟಚ್‌ಪ್ಯಾಡ್‌ನಲ್ಲಿ ಎರಡು ಬೆರಳಿನಿಂದ ಪುಟ ಸರಿಯುತ್ತದಾ? ಬೆಳಕು ಹೆಚ್ಚು ಕಡಿಮೆ ಮಾಡುವ ಕೀಗಳು? ಬ್ಲೂಟೂತ್? ಕ್ಯಾಮೆರಾ ಮತ್ತು ಮೈಕನ್ನು ಬ್ರೌಸರ್‌ನಲ್ಲಿ ಒಂದು ವಿಡಿಯೋ ಕರೆ ಮಾಡಿ ನೋಡಿ. ಕೊನೆಗೆ ಮುಚ್ಚಳ ಮುಚ್ಚಿ ಐದು ನಿಮಿಷ ಬಿಟ್ಟು ತೆರೆಯಿರಿ. ನಿದ್ದೆಯಿಂದ ಏಳದ ಲ್ಯಾಪ್‌ಟಾಪ್ ದಿನನಿತ್ಯದ ತಲೆನೋವು. ಇದು ಈಗಲೇ ಗೊತ್ತಾಗಲಿ. ಬೆರಳಚ್ಚು ಓದುವ ಭಾಗ ಕೆಲಸ ಮಾಡದಿರುವುದು ಹೊಸದೇನಲ್ಲ. ಅದಿಲ್ಲದೆ ಬದುಕಬಹುದು.

ವೈಫೈ ಒಂದು ಬರದಿದ್ದರೆ ಸೋಲೊಪ್ಪಬೇಡಿ. ಫೋನನ್ನು ಡೇಟಾ ಕೇಬಲ್‌ನಿಂದ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್‌ಗೆ ಇಂಟರ್ನೆಟ್ ಬರುತ್ತದೆ. ಇನ್‌ಸ್ಟಾಲ್ ಆದ ಮೇಲೆ ಇದೇ ದಾರಿಯಲ್ಲಿ ಡ್ರೈವರ್ ಹಾಕಿಕೊಳ್ಳಬಹುದು. ವೈಫೈ, ಧ್ವನಿ, ನಿದ್ದೆ ಮೂರೂ ಕೈಕೊಟ್ಟರೆ ಮಾತ್ರ ನಿಲ್ಲಿಸಿ. ಪೆನ್‌ಡ್ರೈವ್‌ಗೆ ಬೇರೆ ಡಿಸ್ಟ್ರೋ ಬರೆದು ಮತ್ತೆ ನೋಡಿ.

ಹಂತ 7: ಇನ್‌ಸ್ಟಾಲ್

ಚಾರ್ಜರ್ ಹಾಕಿ. ಬ್ಯಾಟರಿ ಕೂಡ ತುಂಬಿರಲಿ. ನಮ್ಮ ಕಡೆ ಕರೆಂಟ್ ಹೇಳಿ ಕೇಳಿ ಹೋಗುವುದಿಲ್ಲ. ಡೆಸ್ಕ್‌ಟಾಪ್ ಮೇಲಿನ ಇನ್‌ಸ್ಟಾಲ್ ಲಿನಕ್ಸ್ ಮಿಂಟ್ ಚಿತ್ರ ಒತ್ತಿ.

ಭಾಷೆಯ ಪಟ್ಟಿಯಲ್ಲಿ ಕನ್ನಡವೂ ಇದೆ. ಆರಿಸಿದರೆ ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಕಲಸುಮೇಲೋಗರ ಬರಬಹುದು. ತೊಂದರೆ ಬಂದಾಗ ಹುಡುಕಲೂ ಕಷ್ಟ. ಮೆನು ಇಂಗ್ಲಿಷ್‌ನಲ್ಲಿರಲಿ, ಬರವಣಿಗೆ ಕನ್ನಡದಲ್ಲಿರಲಿ ಎನ್ನುವುದು ನನ್ನ ಅಭ್ಯಾಸ. ಕೀಲಿಮಣೆ ಕೇಳಿದಾಗಲೂ ಇಂಗ್ಲಿಷ್ ಇರಲಿ. ಕನ್ನಡ ಕೀಲಿಮಣೆ ಇಲ್ಲೇ ಆರಿಸಿ, ಆಮೇಲೆ ಪಾಸ್‌ವರ್ಡ್ ಹೊಡೆಯಲು ಒದ್ದಾಡಿದವರಿದ್ದಾರೆ.

ಮಲ್ಟಿಮೀಡಿಯಾ ಕೋಡೆಕ್ ಬೇಕಾ ಎಂದರೆ ಟಿಕ್ ಹಾಕಿ. ವಿಡಿಯೋ, ಹಾಡು ನಡೆಸಲು ಅದು ಬೇಕು. ಸೆಕ್ಯೂರ್ ಬೂಟ್ ಆನ್ ಇದ್ದರೆ ಇಲ್ಲಿ ಒಂದು ಪಾಸ್‌ವರ್ಡ್ ಇಡಲು ಹೇಳಬಹುದು. ಅದನ್ನು ಹಾಳೆ ಮೇಲೆ ಬರೆದುಕೊಳ್ಳಿ, ಹಂತ 8ರಲ್ಲಿ ಬೇಕು.

ಆಮೇಲೆ ಬರುವುದೇ ದೊಡ್ಡ ಪ್ರಶ್ನೆ. ಇರೇಸ್ ಡಿಸ್ಕ್ ಎಂದರೆ ಎಲ್ಲ ಅಳಿಸಿ ಮಿಂಟ್ ಮಾತ್ರ. ಇನ್‌ಸ್ಟಾಲ್ ಅಲಾಂಗ್‌ಸೈಡ್ ಎಂದರೆ ಪಕ್ಕದಲ್ಲಿ ವಿಂಡೋಸ್ ಉಳಿಸಿಕೊಂಡು. ಎರಡನೆಯದು ಬೇಕಾದವರು ಮೊದಲೇ ವಿಂಡೋಸ್‌ನಲ್ಲಿ ಬಿಟ್‌ಲಾಕರ್ ತೆಗೆದು, ಫಾಸ್ಟ್ ಸ್ಟಾರ್ಟಪ್ (ಬೇಗ ಏಳಲೆಂದು ವಿಂಡೋಸ್ ಪೂರ್ತಿ ಮುಚ್ಚದಿರುವ ವ್ಯವಸ್ಥೆ) ಆಫ್ ಮಾಡಿ, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವ್ ಕುಗ್ಗಿಸಿ ಜಾಗ ಮಾಡಿಟ್ಟಿರಬೇಕು. ಮಿಂಟ್‌ಗೆ ಕನಿಷ್ಠ 20 ಜಿಬಿ ಬೇಕು, 100 ಕೊಟ್ಟರೆ ಆರಾಮ. ಎರಡು ಡಿಸ್ಕ್ ಇರುವ ಲ್ಯಾಪ್‌ಟಾಪ್ ಆದರೆ ಯಾವ ಡಿಸ್ಕ್ ಎಂದು ಗಾತ್ರ ನೋಡಿ ಖಚಿತ ಮಾಡಿಕೊಳ್ಳಿ. ಇನ್‌ಸ್ಟಾಲ್ ನೌ ಒತ್ತಿ, ಖಾತ್ರಿ ಕೇಳುವ ಪೆಟ್ಟಿಗೆಗೆ ಒಪ್ಪಿದ ಮೇಲೆ ಹಿಂದಕ್ಕೆ ದಾರಿ ಇಲ್ಲ.

ಸಮಯ ವಲಯದಲ್ಲಿ ಕೋಲ್ಕತಾ ಎಂದು ತೋರಿಸುತ್ತದೆ. ಗಾಬರಿ ಬೇಡ, ಇಡೀ ಭಾರತಕ್ಕೆ ಅದೇ. ತುಮಕೂರು ಹುಡುಕಿ ಸಮಯ ಕಳೆಯಬೇಡಿ. ಹೆಸರು, ಪಾಸ್‌ವರ್ಡ್ ಕೊಟ್ಟು ಕಾಯಿರಿ. ಮುಗಿದ ಮೇಲೆ ಪೆನ್‌ಡ್ರೈವ್ ತೆಗೆಯಲು ಹೇಳುತ್ತದೆ, ತೆಗೆದು ಎಂಟರ್ ಒತ್ತಿ.

ಹಂತ 8: ನೀಲಿ ಪರದೆ

ಸೆಕ್ಯೂರ್ ಬೂಟ್ ಪಾಸ್‌ವರ್ಡ್ ಇಟ್ಟವರಿಗೆ ಮೊದಲ ಬೂಟ್‌ನಲ್ಲಿ ನೀಲಿ ಪರದೆ ಬರುತ್ತದೆ. ಅದು ದೋಷವಲ್ಲ. ಕೆಲವೇ ಸೆಕೆಂಡ್ ಕಾಯುತ್ತದೆ, ಅಷ್ಟರಲ್ಲಿ ಒಂದು ಕೀ ಒತ್ತಿ ಎನ್‌ರೋಲ್ ಎಂಒಕೆ ಆರಿಸಿ, ಬರೆದಿಟ್ಟ ಪಾಸ್‌ವರ್ಡ್ ಕೊಡಿ. ಹೆದರಿ ಕಂಟಿನ್ಯೂ ಬೂಟ್ ಒತ್ತಿದರೆ ಎನ್‌ವಿಡಿಯಾ ಮತ್ತು ಕೆಲವು ವೈಫೈ ಡ್ರೈವರ್‌ಗಳು ಏಳುವುದೇ ಇಲ್ಲ. "ಲೈವ್‌ನಲ್ಲಿ ಚೆನ್ನಾಗಿತ್ತು, ಈಗ ಏನೋ ಆಯ್ತು" ಎನ್ನುವ ದೂರಿಗೆ ಕೆಲವು ಸಲ ಕಾರಣ ಇದೇ.

ಹಂತ 9: ಮೊದಲ ದಿನದ ಕೆಲಸ

ಅಪ್‌ಡೇಟ್ ಮ್ಯಾನೇಜರ್ ತೆರೆದು ಎಲ್ಲ ಅಪ್‌ಡೇಟ್ ಹಾಕಿ. ಡ್ರೈವರ್ ಮ್ಯಾನೇಜರ್‌ನಲ್ಲಿ ಏನಾದರೂ ಸೂಚಿಸಿದರೆ ಒಪ್ಪಿ. ಟೈಮ್‌ಶಿಫ್ಟ್ ಆನ್ ಮಾಡಿ. ಮುಂದೆ ಅಪ್‌ಡೇಟ್ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ಅದು ಇರುವುದು. ನಿಮ್ಮ ಫೋಟೋ, ದಾಖಲೆಗಳನ್ನು ಅದು ಕಾಯುವುದಿಲ್ಲ, ಅವಕ್ಕೆ ಬೇರೆ ಬ್ಯಾಕಪ್ ಬೇಕು.

ವಿಂಡೋಸ್ ಕೂಡ ಇಟ್ಟುಕೊಂಡವರಿಗೆ ಗಡಿಯಾರ ಐದೂವರೆ ಗಂಟೆ ತಪ್ಪು ತೋರಿಸಬಹುದು. ಯಂತ್ರದ ಒಳಗಿನ ಗಡಿಯಾರವನ್ನು ಲಿನಕ್ಸ್ ಜಾಗತಿಕ ಸಮಯ ಎಂದುಕೊಳ್ಳುತ್ತದೆ, ವಿಂಡೋಸ್ ಸ್ಥಳೀಯ ಸಮಯ ಎಂದುಕೊಳ್ಳುತ್ತದೆ. ವಿಂಡೋಸ್‌ನ ಸಮಯದ ಸೆಟ್ಟಿಂಗ್ಸ್‌ನಲ್ಲಿ ಸಿಂಕ್ ನೌ ಒತ್ತಿದರೆ ಸದ್ಯಕ್ಕೆ ಸರಿಯಾಗುತ್ತದೆ.

ಈಗ ಕನ್ನಡ. ನುಡಿ ಕೀಲಿಮಣೆಗೆ ಕೈ ಒಗ್ಗಿದವರು ಕೀಬೋರ್ಡ್ ಸೆಟ್ಟಿಂಗ್ಸ್‌ನ ಲೇಔಟ್ ಪಟ್ಟಿಗೆ ಕನ್ನಡ ಕಗಪ ಸೇರಿಸಿಕೊಳ್ಳಿ. ಒತ್ತಕ್ಷರಕ್ಕೆ ಎಫ್ ಒತ್ತುವ ಅಭ್ಯಾಸ ಹಾಗೇ ನಡೆಯುತ್ತದೆ. ಬರಹ ತಂತ್ರಾಂಶದಲ್ಲಿರುವಂತೆ ಇಂಗ್ಲಿಷ್ ಉಚ್ಚಾರಣೆಯಲ್ಲಿ ಹೊಡೆಯುವವರು ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಐಬಸ್ ಎಂ17ಎನ್ ಹಾಕಿ, ಅದರಲ್ಲಿ ಕನ್ನಡ ಐಟ್ರಾನ್ಸ್ ಆರಿಸಿ. ಒಮ್ಮೆ ಲಾಗ್ಔಟ್ ಆಗಿ ಬಂದರೆ ಮಾತ್ರ ಅದು ಕಾಣುತ್ತದೆ. ಫಾಂಟ್‌ಗಳಲ್ಲಿ ಲೋಹಿತ್, ಗುಬ್ಬಿ, ನವಿಲು ಎಂಬವು ಅಲ್ಲೇ ಸಿಗುತ್ತವೆ. ಗುಬ್ಬಿ ಎಂದರೆ ನಮ್ಮ ಗುಬ್ಬಿ ತಾಲ್ಲೂಕು ಎಂದು ನಾನು ಬಹಳ ದಿನ ಹೆಮ್ಮೆಪಟ್ಟಿದ್ದೆ. ಪಕ್ಕದಲ್ಲಿ ನವಿಲು ನೋಡಿದ ಮೇಲೆ ಹಕ್ಕಿ ಇರಬೇಕು ಎಂದು ಹೊಳೆಯಿತು.

ಪ್ರಿಂಟರ್ ವಿಷಯ. ಎಚ್‌ಪಿಯ ಬಹುಪಾಲು ಪ್ರಿಂಟರ್‌ಗಳು ಚುಚ್ಚಿದರೆ ನಡೆಯುತ್ತವೆ. ಜೆರಾಕ್ಸ್ ಅಂಗಡಿ, ಕಚೇರಿಗಳಲ್ಲೆಲ್ಲ ಕಾಣುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ಲಿನಕ್ಸ್‌ನಲ್ಲಿ ಹಟಮಾರಿ. ಅದಕ್ಕೆ ಪ್ರತ್ಯೇಕ ಡ್ರೈವರ್ ಬೇಕು, ಅದೂ ಸಲೀಸಾಗಿ ಕೂರುವುದಿಲ್ಲ. ಮನೆಯಲ್ಲಿ ಅದಿದ್ದರೆ ಪಿಡಿಎಫ್ ಮಾಡಿ ಬೇರೆ ಯಂತ್ರದಿಂದ ಪ್ರಿಂಟ್ ತೆಗೆಯುವುದೇ ವಾಸಿ.

ಇನ್‌ಸ್ಟಾಲ್ ಮಾಡಿದ ಪೆನ್‌ಡ್ರೈವನ್ನು ಅಳಿಸಬೇಡಿ. ಎಂದಾದರೂ ಲ್ಯಾಪ್‌ಟಾಪ್ ಏಳದಿದ್ದರೆ ಅದರಿಂದಲೇ ಬೂಟ್ ಮಾಡಿ ಫೈಲುಗಳನ್ನು ಹೊರಗೆ ತೆಗೆಯಬಹುದು. ಅದಕ್ಕೊಂದು ಚೀಟಿ ಅಂಟಿಸಿ "ಮಿಂಟ್, ಮುಟ್ಟಬೇಡಿ" ಎಂದು ಬರೆದಿಡಿ. ಇಲ್ಲದಿದ್ದರೆ ಮನೆಯಲ್ಲಿ ಯಾರಾದರೂ ಹಾಡು ತುಂಬಿಸಿ ಕಾರಿಗೆ ಚುಚ್ಚಿರುತ್ತಾರೆ.